ತಾತನ ತೊಟ್ಟಿಗೆ ತಂದ ಹೊಸ ಮೀನು

ಆ ದಿನಗಳಲ್ಲಿ ಮಧುಗಿರಿಯ ನಮ್ಮ ನಡುಮನೆಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುತ್ತಿದ್ದುದು ತಾತನ ಮೈಗೆ ತಿಕ್ಕುತ್ತಿದ್ದ ಎಣ್ಣೆಯ ವಾಸನೆ. ಆಮೇಲೆ ಕಿವಿಗೆ, ಮೀನಿನ ತೊಟ್ಟಿಗೆ ಗಾಳಿ ಊದುವ ಮೋಟಾರಿನ ಗುಳುಗುಳು ಸದ್ದು. ಲಕ್ವ ಹೊಡೆದು ತಾತನ ಬಲಗೈ, ಮಾತು ಎರಡೂ ಹೋಗಿದ್ದವು. ಎಷ್ಟೋ ವರ್ಷಗಳಿಂದ ಅವನು ಸಾಕಿದ್ದ ಗೋಲ್ಡ್‌ಫಿಶ್‌ಗಳ ಗಾಜಿನ ತೊಟ್ಟಿಯನ್ನು ಅಪ್ಪ ಮಂಚದ ಪಕ್ಕಕ್ಕೆ ತಂದಿಟ್ಟಿದ್ದ. ದಿನವೆಲ್ಲ ತಾತನಿಗೆ ಅದೇ ನೋಟ.

ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅವುಗಳಲ್ಲೊಂದು ಸತ್ತು ಮೂರೇ ಉಳಿದವು. ತಾತ ಊಟ ಬಿಟ್ಟ. ಹಟ ಮಾಡಿ ಅಮ್ಮನನ್ನು ಶಿರಾಕ್ಕೆ ಹೊರಡಿಸಿದೆ. ಬಸ್ ಸ್ಟ್ಯಾಂಡಿನ ಹಿಂದಿನ ಮೀನಿನ ಅಂಗಡಿಯ ಭಾಯ್ ಎರಡು ಮರಿಗಳನ್ನು ಕವರಿಗೆ ಹಾಕಿ, ಬಾಯಿ ಬಿಗಿದು ಕೊಟ್ಟರು.

“ನೋಡು ಬೇಟಿ, ಕವರ್ ಬಿಚ್ಚದೆ ಅರ್ಧ ಗಂಟೆ ನೀರಿನ ಮ್ಯಾಲೆ ತೇಲಕ್ಕೆ ಬುಡು. ಆಮೇಲೆ ನಿಮ್ ತೊಟ್ಟಿ ನೀರು ಇಷ್ಟಿಷ್ಟೇ ಅದ್ರೊಳಗೆ ಹಾಕು. ಗಡಿಬಿಡಿ ಮಾಡ್ಬ್ಯಾಡ.”

ಬಸ್ಸಿನಲ್ಲಿ ಕವರನ್ನು ಅಮ್ಮನ ಒದ್ದೆ ಸೆರಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಸೀಟು ಕಾವಲಿಯಂತೆ ಕಾದಿತ್ತು. ಮರಿಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಮನೆ ಸೇರಿದ್ದೇ ಅಮ್ಮ ಒಲೆ ಹಚ್ಚಲು ಒಳಗೆ ಹೋದಳು. ಅರ್ಧ ಗಂಟೆ ಕಾದರೆ ಇವು ಉಳಿಯುವುದಿಲ್ಲ ಅನ್ನಿಸಿ ಕವರಿನ ಗಂಟು ಬಿಚ್ಚಿದೆ. ತಾತ ಎಡಗೈಯಿಂದ ಮಂಚ ಬಡಿಯತೊಡಗಿದ. “ಆ... ಆ...”

“ಖುಷಿ ಆಯ್ತಾ ತಾತ?” ಎಂದು ಎಲ್ಲವನ್ನೂ ಒಮ್ಮೆಲೇ ತೊಟ್ಟಿಗೆ ಸುರಿದೆ.

ಮರಿಗಳು ಗಾಜಿಗೆ ಬಡಿದುಕೊಂಡವು. ಒಂದು ಪಕ್ಕಕ್ಕೆ ವಾಲಿತು. ಅಷ್ಟರಲ್ಲೇ ಕರೆಂಟು ಹೋಯಿತು. ಗುಳುಗುಳು ನಿಂತಿತು. ಸ್ವಲ್ಪ ಹೊತ್ತಿಗೆ ಹಳೆಯ ಮೂರೂ ಮೇಲೆ ಬಂದು ಬಾಯಿ ತೆರೆಯತೊಡಗಿದವು.

ಅಮ್ಮ ಓಡಿ ಬಂದಳು. “ಏನ್ ಮಾಡ್ಬುಟ್ಯೇ! ಆ ಭಾಯ್ ಅಷ್ಟೊಂದು ಹೇಳಿರ್ಲಿಲ್ವಾ?”

ತಾತ ಮುಷ್ಟಿ ಹಿಡಿದು ಕೈಯನ್ನು ಮೇಲೆತ್ತಿ ಬಗ್ಗಿಸುತ್ತಿದ್ದ. ಬಾಯಾರಿಕೆ ಇರಬೇಕೆಂದು ಚೊಂಬಿನಲ್ಲಿ ನೀರು ತಂದು ಬಾಯಿಗೆ ಹಿಡಿದೆ. ಮುಖ ತಿರುಗಿಸಿದ. ಚೊಂಬು ಕಿತ್ತುಕೊಂಡು, ಆದಷ್ಟೂ ಮೇಲೆತ್ತಿ ಸುರಿದ. ಅರ್ಧ ಹಾಸಿಗೆ ಮೇಲೆ, ಉಳಿದದ್ದು ನನ್ನ ಫ್ರಾಕಿನ ಮೇಲೆ. ಖಾಲಿ ಚೊಂಬನ್ನು ತೊಟ್ಟಿಯತ್ತ ಚಾಚಿದ.

“ಗಾಳಿ ಕಣೇ!” ಅಮ್ಮ ಕೂಗಿದಳು. “ಎತ್ತರದಿಂದ ಸುರಿದ್ರೆ ನೀರೊಳಕ್ಕೆ ಗಾಳಿ ಹೋಗ್ತೈತೆ. ಮಾವ ಅದನ್ನೇ ಹೇಳ್ತಾವ್ರೆ!”

ತೊಟ್ಟಿಯ ನೀರನ್ನೇ ಮೊಗೆದು ಮೇಲಿನಿಂದ ಸುರಿಯತೊಡಗಿದೆ. ಕೈ ಸೋತಾಗ ಅಮ್ಮ, ಅವಳು ಸೋತಾಗ ಮತ್ತೆ ನಾನು. ವಾಲಿದ ಮರಿಯ ಮೇಲೆ ನೀರು ಬೀಳುವಂತಾದರೆ ತಾತನ ಬೆರಳು ಅಲ್ಲಾಡುತ್ತಿತ್ತು: ಆ ಕಡೆ. ಒಲೆಯ ಮೇಲಿನ ಸಾರು ಸೀದ ವಾಸನೆ ಬಂದರೂ ಯಾರೂ ಏಳಲಿಲ್ಲ. ಬಿಸಿಲು ಹೊಸ್ತಿಲು ದಾಟುವ ಹೊತ್ತಿಗೆ ಆ ಮರಿ ಹೊಟ್ಟೆ ಮೇಲಾಗಿ ತೇಲಿತು. ಚೊಂಬು ಕೆಳಗಿಟ್ಟು ಅತ್ತೆ. ತಾತ ಮಂಚ ಬಡಿದ. ಮತ್ತೆ ಮೊಗೆದೆ.

ಕರೆಂಟು ಬಂದದ್ದು ಸಂಜೆ. ಇನ್ನೊಂದು ಮರಿ ಕಲ್ಲಿನ ಸಂದಿಯಲ್ಲಿ ನೆಟ್ಟಗೆ ನಿಂತು ಕಿವಿರು ಆಡಿಸುತ್ತಿತ್ತು. ಹಳೆಯ ಮೂರೂ ತಳಕ್ಕಿಳಿದಿದ್ದವು.

“ನನ್ನಿಂದ್ಲೇ ಸತ್ತೋಯ್ತು ತಾತ” ಎಂದೆ. ಅವನು ನನ್ನ ಕಿವಿ ಹಿಡಿದು ಕಣ್ಣಲ್ಲಿ ನೀರು ಬರುವಂತೆ ಹಿಂಡಿದ. ಆಮೇಲೆ ಆ ಕೈಯನ್ನು ನನ್ನ ಕೆನ್ನೆಯ ಮೇಲೇ ಇಟ್ಟುಕೊಂಡ.

ಅಂದಿನಿಂದ ತಾತನ ಕೈ ನೋಡಿಕೊಂಡೇ ಬೆಳೆದೆ. ಬಾಗಿಲು ಹಾಕು, ಖಾರ ಜಾಸ್ತಿ, ಸುಳ್ಳು ಹೇಳಬೇಡ, ಇಲ್ಲೇ ಕೂತ್ಕೋ, ಎಲ್ಲದಕ್ಕೂ ಒಂದೊಂದು ಸನ್ನೆ. ಎರಡು ವರ್ಷಕ್ಕೆ ತಾತ ಹೋದ. ಉಳಿದ ಮರಿ ಅವನಿಗಿಂತ ಹೆಚ್ಚು ದಿನ ಬದುಕಿತು. ಈಗ ಆ ಸನ್ನೆಗಳಲ್ಲಿ ನನಗೆ ನೆನಪಿರುವುದು ಮೂರೋ ನಾಲ್ಕೋ. ಮಾಡಿ ತೋರಿಸಿದರೆ ಅರ್ಥವಾಗುವುದು ಅಮ್ಮನೊಬ್ಬಳಿಗೆ ಮಾತ್ರ.