ಆ ಕರಿಮಣಿ ಪೋಣಿಸಿದ ಕೈ

ಆ ಕರಿಮಣಿ ಸರ ಪೋಣಿಸಿದ್ದು ನಾನು. ಗೌರಕ್ಕ ಅಲ್ಲ. ಹದಿನೆಂಟು ವರ್ಷಗಳಿಂದ ಕೊಟ್ಟೂರಿನ ನಮ್ಮ ಓಣಿಯವರೆಲ್ಲ ಅದು ಗೌರಕ್ಕನ ಕೈಯ ಕೆಲಸವೆಂದೇ ನಂಬಿದ್ದಾರೆ. ಹಾಗೆ ನಂಬಿಸಿದವಳು ನಾನು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣವೆಂದು ಇಟ್ಟುಕೊಂಡರೆ — ನನ್ನ ಬುದ್ಧಿ ನನಗೆ ಗೊತ್ತು — ನಡುವೆ ಎಲ್ಲಾದರೂ ಒಂದು ನೆಪ ಹುಡುಕಿ ನುಣುಚಿಕೊಳ್ಳುತ್ತೇನೆ.

ಗೌರಕ್ಕ ನಮ್ಮ ಹಿಂದಿನ ಮನೆಯಾಕೆ. ಆಗ ನಲವತ್ತು ದಾಟಿದ ವಯಸ್ಸು. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನವಣೆಕಾಳಿನಷ್ಟು ಸಣ್ಣ ಗಾಜಿನ ಮಣಿಗಳಿಂದ ಓಲೆ, ಬಳೆ, ಕೊರಳ ಪಟ್ಟಿ ಹೆಣೆದು ಜೀವನ ಸಾಗಿಸುತ್ತಿದ್ದಳು. ನಾನು ಆ ಮನೆಗೆ ಹೋಗತೊಡಗಿದ್ದು ಕಲಿಯುವ ಆಸೆಗಲ್ಲ, ಅತ್ತೆಯ ಕಣ್ಣು ತಪ್ಪಿಸಿ ಒಂದು ಗಳಿಗೆ ಕೂರುವ ಆಸೆಗೆ. ಮದುವೆಯಾಗಿ ನಾಲ್ಕು ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಆದರೆ ಸೀಮಂತಕ್ಕೆ ಹೊರಟಾಗ ಅತ್ತೆ "ನೀನು ಮನ್ಯಾಗ ಇರು, ಬಿಸಿಲೈತಿ" ಅನ್ನುತ್ತಿದ್ದಳು. ಬಿಸಿಲು ಯಾವತ್ತಿಲ್ಲ ನಮ್ಮೂರಲ್ಲಿ?

ಗೌರಕ್ಕ ಮೊದಲ ದಿನ ನನ್ನ ಮುಂದೆ ಒಂದು ಸ್ಟೀಲ್ ತಟ್ಟೆ ಇಟ್ಟು, ಅದರಲ್ಲಿ ಹಳೆಯ ಸೀರೆಯ ತುಂಡು ಹಾಸಿ, ಮೇಲೆ ಒಂದು ಹಿಡಿ ಕೆಂಪು ಮಣಿ ಸುರಿದಳು. ಬಟ್ಟೆ ಇಲ್ಲದಿದ್ದರೆ ಮಣಿ ಉರುಳಿ ಹೋಗುತ್ತವೆ. ನಾನು ಒಂದೊಂದನ್ನೇ ಬೆರಳಲ್ಲಿ ಹಿಡಿಯಲು ಹೋಗಿ ಬೆವತೆ. ಆಕೆ ನಕ್ಕು, "ಮಣೀನ ಹಿಡೀಬ್ಯಾಡ ಲೇ ಶಾಂತಾ, ಸೂಜಿ ತುದೀನ ರಾಶ್ಯಾಗ ಚುಚ್ಚು, ತಾವ ಏರ್ತಾವ" ಅಂದಳು. ನಿಜಕ್ಕೂ ಏರಿದವು. ಒಂದು ಮಣಿಯ ಸುತ್ತ ಆರು ಮಣಿ ಕೂತರೆ ಹೂವು. ಏಳಾದರೆ ಹೂವು ಬಟ್ಟಲಿನಂತೆ ಎದ್ದುಬಿಡುತ್ತದೆ. ನಾನು ತಪ್ಪಿದಾಗಲೆಲ್ಲ ಕತ್ತರಿಗೆ ಕೈ ಹಾಕುತ್ತಿದ್ದೆ; ಆಕೆ ಕತ್ತರಿಯನ್ನು ತನ್ನ ಮಗ್ಗುಲಿಗೆ ಎಳೆದುಕೊಳ್ಳುತ್ತಿದ್ದಳು. ತಪ್ಪಿದ ಜಾಗದವರೆಗೆ ಒಂದೊಂದೇ ಮಣಿ ಬಿಚ್ಚಿಕೊಂಡು ಹಿಂದಕ್ಕೆ ಹೋಗಬೇಕು — ಅದೇ ಆಕೆಯ ಪಾಠ. ಒಂದು ದಿನವೂ ಗದರಲಿಲ್ಲ. ನನ್ನ ಬದುಕಿನಲ್ಲಿ ಯಾರಾದರೂ ನನಗೆ ಏನನ್ನಾದರೂ ಪ್ರೀತಿಯಿಂದ ಕಲಿಸಿದ್ದರೆ, ಅದು ಈಕೆ. ಅಂಥವಳಿಗೆ ನಾನು —

ಇರಲಿ. ಕರಿಮಣಿಯ ವಿಷಯ ಹೇಳಬೇಕು.

ಈಗ ಎಲ್ಲರೂ ಅಕ್ಕಸಾಲಿಗರ ಹತ್ತಿರ ಚಿನ್ನದ ತಂತಿಯಲ್ಲಿ ಕಟ್ಟಿಸುತ್ತಾರೆ. ಆದರೆ ಮೊದಲ ತಾಳಿ ದಾರದಲ್ಲೇ ಇರಬೇಕು, ಮುತ್ತೈದೆಯೇ ಪೋಣಿಸಬೇಕು ಅನ್ನುವ ಮನೆಗಳು ಆಗ ಬಹಳ ಇದ್ದವು, ಈಗಲೂ ಇವೆ. ಅಂಥವರು ಗೌರಕ್ಕನ ಮನೆಗೇ ಬರುತ್ತಿದ್ದರು, ಯಾಕೆಂದರೆ ಅಷ್ಟು ಸಮನಾಗಿ ಸರ ಕೂರಿಸುವವರು ಸುತ್ತಲೂ ಇರಲಿಲ್ಲ. ಆದರೆ ಆಕೆ ಕರಿಮಣಿ ಮುಟ್ಟುತ್ತಿರಲಿಲ್ಲ. ಪೊಟ್ಟಣವನ್ನು ಬಂದವರ ಕೈಯಿಂದಲೇ ನನ್ನ ತಟ್ಟೆಗೆ ಸುರಿಸಿ, ತಾನು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಎದುರಿಗೆ ಕೂತು ಬಾಯಲ್ಲೇ ಹೇಳಿಕೊಡುತ್ತಿದ್ದಳು. ಒಮ್ಮೆ ನಾನು ದೊಡ್ಡ ವಿಚಾರವಂತಳ ಹಾಗೆ, ಇದನ್ನೆಲ್ಲ ಯಾಕೆ ನಂಬುತ್ತೀಯ ಎಂದು ಕೇಳಿದ್ದೆ. "ನಾನೆಲ್ಲಿ ನಂಬೀನಿ? ಹಾಕ್ಕೊಳ್ಳಾಕಿ ನಂಬ್ತಾಳಲ್ಲ. ಆಕಿ ಮನಸಿನಾಗ ಹುಳ ಬಿಡಬಾರದು" ಅಂದಳು.

ಹಗರಿಬೊಮ್ಮನಹಳ್ಳಿಯ ಸವಿತಾ ಎಂಬ ಹುಡುಗಿಯನ್ನು ಕೂಡ್ಲಿಗಿಗೆ ಕೊಟ್ಟಿದ್ದರು. ಅವಳ ತಾಯಿ ಮದುವೆಗೆ ವಾರವಿದ್ದಾಗ ಮಣಿ, ಗುಂಡು, ತಾಳಿ ತಂದು ಕೊಟ್ಟು ಹೋದರು, ಪೋಣಿಸುವುದನ್ನು ನೋಡಲು ನಿಲ್ಲಲಿಲ್ಲ. ದಾರಕ್ಕೆ ಜೇನುಮೇಣ ತೀಡಿ ಹದ ಮಾಡಿದ್ದು ಗೌರಕ್ಕ. ದಾರ ಬರೀ ದಾರ, ಅದಕ್ಕೆ ಶಾಸ್ತ್ರವಿಲ್ಲ. ಮರುದಿನ ಮಧ್ಯಾಹ್ನ ನನ್ನನ್ನು ಕೂರಿಸಿ, "ಮೊದಲಿಗೆ ಮಣಿ ಆರಿಸು. ಅಂಚು ಒಡದದ್ದು ಒಂದೂ ಉಳೀಬಾರದು. ಗಾಜು ದಾರಾನ ಒಳಗಿಂದೊಳಗ ಕೊಯ್ತೈತಿ" ಎಂದು ಹೇಳಿ ಗಿರಣಿಗೆ ಹೋದಳು. ಅಗ್ಗದ ಮಣಿಯಲ್ಲಿ ಹತ್ತಕ್ಕೆ ಒಂದಾದರೂ ಅಂಚು ಚೂಪಾದದ್ದು ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ಒಂದೊಂದನ್ನೂ ಉಜ್ಜಿ ನೋಡಬೇಕು. ಎರಡು ಗಂಟೆಯ ಕೆಲಸ.

ಅವತ್ತು ಗಂಡ ನನ್ನನ್ನು ಹೊಸಪೇಟೆಗೆ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆಂದಿದ್ದರು. ನಾಲ್ಕು ವರ್ಷದಲ್ಲಿ ಮೊದಲ ಸಲ. ಹೌದು — ಒಂದು ಸಿನಿಮಾಕ್ಕಾಗಿ. ಏನೋ ಘನವಾದ ಕಾರಣ ಇದ್ದೀತೆಂದು ನೀವು ಕಾಯುತ್ತಿದ್ದರೆ, ಇಲ್ಲ. ನಾನು ಮಣಿ ಆರಿಸಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ಇದ್ದ ಹಾಗೆಯೇ ಸೂಜಿಗೆ ಏರಿಸಿ ಗಂಟು ಹಾಕಿಬಿಟ್ಟೆ.

ಗೌರಕ್ಕ ಹಿಟ್ಟಿನ ಡಬ್ಬಿ ಇಳಿಸಿ, "ಆರಿಸಿದೇನು?" ಎಂದು ಕೇಳಿದಳು. "ಹೂಂ ಅಕ್ಕ" ಅಂದೆ. ಆಕೆ ಬಾಗಿ ಸರವನ್ನು ದಿಟ್ಟಿಸಿ ನೋಡಿದಳು. ಬೆರಳು ಆಡಿಸಲಿಲ್ಲ. ಆಡಿಸಿದ್ದರೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತಿತ್ತು — ಅಷ್ಟು ಸೂಕ್ಷ್ಮ ಆಕೆಯ ಬೆರಳು. ಆ ಹುಡುಗಿಯ ಒಳ್ಳೆಯದಕ್ಕೆಂದೇ ಆಕೆ ಮುಟ್ಟಲಿಲ್ಲ. "ಚಂದ ಕುಂತೈತಿ" ಅಂದಳು. ನಾನು ಸೀರೆ ಬದಲಿಸಲು ಮನೆಗೆ ಓಡಿದೆ.

ಮದುವೆಯ ಐದನೆಯ ದಿನ ಸವಿತಾ ಗಂಡನ ಮನೆಯಲ್ಲಿ ನೀರಿನ ಕೊಡ ಎತ್ತಲು ಬಾಗಿದಾಗ ಸರ ಹರಿಯಿತು. ಮಣಿಗಳೆಲ್ಲ ಅಡುಗೆಮನೆಯ ತುಂಬ ಚೆಲ್ಲಿದವು. ಮಾರನೆಯ ದಿನ ಅವಳ ತಾಯಿ, ಜೊತೆಗೆ ಇನ್ನಿಬ್ಬರು ಹೆಂಗಸರು, ಗೌರಕ್ಕನ ಬಾಗಿಲಿಗೆ ಬಂದರು. ನಾನು ಒಳಗೆ ಹೂವು ಹೆಣೆಯುತ್ತಾ ಕೂತಿದ್ದೆ. ಗದ್ದಲ ಕೇಳಿ ನನ್ನ ಅತ್ತೆಯೂ ಬಂದು ಹೊಸ್ತಿಲಲ್ಲಿ ನಿಂತಳು.

ಸವಿತಾಳ ತಾಯಿ ಒಂದೇ ಮಾತು ಕೇಳಿದರು: "ಇದನ್ನ ಪೋಣಿಸಿದ್ದು ಯಾರವ್ವ?"

ಗೌರಕ್ಕ ನನ್ನ ಕಡೆ ನೋಡಿದಳು. ಬೆರಳು ಮಾಡಿ ತೋರಿಸಲಿಲ್ಲ, ಸುಮ್ಮನೆ ನೋಡಿದಳು, ನಾನೇ ಹೇಳಲಿ ಎಂದು. ಅತ್ತೆಯೂ ನನ್ನನ್ನೇ ನೋಡುತ್ತಿದ್ದಳು. ಆ ಎರಡು ನೋಟಗಳ ನಡುವೆ ನನಗೆ ಹೊಳೆದದ್ದು ಒಂದೇ — ಮಕ್ಕಳಿಲ್ಲದವಳ ಕೈಗುಣ ಅನ್ನುತ್ತಾರೆ. ಇನ್ನು ಯಾವ ಮನೆಯ ಆರತಿಗೂ ನನ್ನನ್ನು ಕರೆಯುವುದಿಲ್ಲ.

"ಅಕ್ಕಾನ ಪೋಣಿಸ್ಯಾಳ್ರಿ" ಅಂದೆ. "ನಾ ಬರೇ ಸೂಜಿಗೆ ದಾರ ಹಾಕಿ ಕೊಟ್ಟೆ."

ಎಷ್ಟು ಸಲೀಸಾಗಿ ಬಂತು! ಸೂಜಿ, ದಾರ — ಸುಳ್ಳಿಗೆ ವಿವರ ಕೂಡ ಸೇರಿಸಿದ್ದೆ, ನಂಬಿಕೆ ಬರಲಿ ಎಂದು.

ಗೌರಕ್ಕ ಅಲ್ಲ ಅನ್ನಲಿಲ್ಲ. ಯಾಕೆ ಅನ್ನಲಿಲ್ಲವೋ — ನನ್ನ ಅತ್ತೆಯ ಮುಖ ನೋಡಿ ಎಲ್ಲ ತಿಳಿದುಕೊಂಡಳೋ, ಅಥವಾ ನನ್ನ ಮಾತು ಕೇಳಿ ಮಾತೇ ಹೊರಡಲಿಲ್ಲವೋ. "ಗಂಡ ಸತ್ತಾಕಿ ಕೈಯಿಂದ ತಾಳಿ ಪೋಣಿಸಿ ಕೊಡ್ತಿಯಲ್ಲ, ನಿನ್ನ ಕರುಳು ಹೆಂಗೈತಿ?" ಎಂದು ಅವರು ಕೂಗಾಡಿದರು. ಅವರು ಹೋದ ಮೇಲೆ ಗೌರಕ್ಕ ನನಗೆ ಅಂದದ್ದು ಇಷ್ಟೇ: "ಹೋಗವ್ವ, ನಿಮ್ಮತ್ತಿ ಕಾಯಾಕತ್ತ್ಯಾಳ."

ಅಷ್ಟಕ್ಕೇ ಮುಗಿದಿದ್ದರೆ ನಾಲ್ಕು ದಿನ ಆಡಿಕೊಂಡು ಜನ ಮರೆಯುತ್ತಿದ್ದರೇನೋ. ಮೂರು ತಿಂಗಳಿಗೆ ಸವಿತಾಳ ಗಂಡ ಕೂಡ್ಲಿಗಿಯ ಹೆದ್ದಾರಿಯಲ್ಲಿ ಬೈಕಿಗೆ ಲಾರಿ ಬಡಿದು ತೀರಿಕೊಂಡ. ಲಾರಿಗೂ ಕರಿಮಣಿಗೂ ಏನು ಸಂಬಂಧ — ಇವತ್ತು ಕೇಳುತ್ತೇನೆ. ಅವತ್ತು ಕೇಳಲಿಲ್ಲ. ಓಣಿಯವರು ಗೌರಕ್ಕನ ಮನೆಯ ಮುಂದೆ ಹಾಯುವುದನ್ನೇ ಬಿಟ್ಟರು. ಓಲೆ, ಬಳೆಗಳನ್ನೂ ಯಾರೂ ಮಾಡಿಸಲಿಲ್ಲ. ಎಂಟು ತಿಂಗಳು ಹಾಗೆಯೇ ಕೂತು, ಕೊನೆಗೆ ಆಕೆ ಹಡಗಲಿ ತಾಲೂಕಿನ ಇಟ್ಟಿಗಿಗೆ, ತಮ್ಮನ ಮನೆಗೆ ಹೊರಟುಹೋದಳು. ಹೊರಡುವ ದಿನ ನಾನು ಹಿತ್ತಲ ಬಾಗಿಲು ಹಾಕಿಕೊಂಡು ಒಳಗೇ ಇದ್ದೆ. ಟೆಂಪೋ ಶಬ್ದ ದೂರವಾಗುವವರೆಗೆ ಅಕ್ಕಿ ಆರಿಸಿದೆ. ಅಕ್ಕಿ ಮಾತ್ರ ಚೆನ್ನಾಗಿ ಆರಿಸಿದೆ.

ಮರುವರ್ಷ ನನಗೆ ಮಗಳು ಹುಟ್ಟಿದಳು. ಆಮೇಲಿನದು ಹೇಳಲು ನಾಲಿಗೆ ಏಳುವುದಿಲ್ಲ. ಮಕ್ಕಳಾದ ಮುತ್ತೈದೆ, ಮಣಿಯ ಕೆಲಸ ಬೇರೆ ಗೊತ್ತು — ಜನ ಕರಿಮಣಿಗೆ ನನ್ನನ್ನೇ ಹುಡುಕಿಕೊಂಡು ಬಂದರು. "ಶಾಂತಕ್ಕನ ಕೈ ಭಾಳ ಚಲೋ" ಎಂಬ ಹೆಸರು ಹರಪನಹಳ್ಳಿಯವರೆಗೂ ಹೋಯಿತು. ನಾನು ಪ್ರತಿ ಮಣಿಯನ್ನೂ ಆರಿಸುತ್ತಿದ್ದೆ. ಒಂದು ಸರವೂ ಹರಿಯಲಿಲ್ಲ. ಇದನ್ನು ಪ್ರಾಯಶ್ಚಿತ್ತ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಪ್ರಾಯಶ್ಚಿತ್ತವಲ್ಲ, ಹೊಟ್ಟೆಪಾಡು. ಅದೂ ಆಕೆಯದನ್ನು ಕಸಿದು ಮಾಡಿಕೊಂಡ ಹೊಟ್ಟೆಪಾಡು.

ಕಳೆದ ವಾರ ಹಡಗಲಿಯಲ್ಲಿ ಮಹಿಳಾ ಸಂಘವೊಂದರವರು ಮಣಿಯ ಆಭರಣ ಕಲಿಸಲು ಕರೆದಿದ್ದರು. ಹತ್ತು ದಿನದ ತರಬೇತಿ. ಮೊದಲ ದಿನವೇ ಒಬ್ಬ ಹುಡುಗಿ ಕೇಳಿದಳು: "ಮೇಡಂ, ನಿಮಗ ಯಾರು ಕಲಿಸಿದ್ರು?"

"ಯಾರೂ ಇಲ್ಲವ್ವಾ. ನೋಡಿ ನೋಡಿ ಕಲಿತೆ" ಅಂದೆ.

ಯಾರ ಹೆದರಿಕೆ ಇತ್ತು ಈಗ? ಅತ್ತೆ ಸತ್ತು ಆರು ವರ್ಷವಾಗಿದೆ. ಕೇಳಿದ್ದು ಇಪ್ಪತ್ತು ವರ್ಷದ ಕೂಸು. ಆದರೂ ಸುಳ್ಳು ತಾನಾಗಿ ಬಾಯಿಗೆ ಬಂತು. ಆ ಇಡೀ ದಿನ ನನಗೆ ನನ್ನ ಮೇಲೆ ಅಸಹ್ಯ. ಮರುದಿನ ಮಧ್ಯಾಹ್ನ ಪಾಠ ಬೇಗ ಮುಗಿಸಿ ಇಟ್ಟಿಗಿಯ ಬಸ್ಸು ಹತ್ತಿದೆ.

ಗೌರಕ್ಕ ತಮ್ಮನ ಮನೆಯ ಪಡಸಾಲೆಯಲ್ಲಿ ಶೇಂಗಾ ಬಿಡಿಸುತ್ತಾ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಗುರುತು ಹಿಡಿದ ಕೂಡಲೇ ಮುಖ ಅರಳಿತು. ಆ ಖುಷಿ ಸುಳ್ಳಾಗಿರಲಿಲ್ಲ, ಅದೇ ನನ್ನನ್ನು ಹಿಂಡಿತು. ಒತ್ತಾಯ ಮಾಡಿ ಊಟಕ್ಕೆ ಕೂರಿಸಿದಳು. ರೊಟ್ಟಿ, ಪುಂಡಿಪಲ್ಲೆ. ಮಣಿಯ ಕೆಲಸ ಮಾಡುತ್ತೀಯಾ ಎಂದು ಕೇಳಿದೆ. ಇಲ್ಲವೆಂದು ತಲೆ ಆಡಿಸಿದಳು. ತಮ್ಮನ ಮಗಳ ಮದುವೆಯಲ್ಲಿ ಹೂವಿನ ದಂಡೆ ಕೂಡ ಕಟ್ಟಲಿಲ್ಲವಂತೆ. ಎಲ್ಲರೂ ಕರೆದರೂ ದೂರ ಕೂತಿದ್ದಳಂತೆ.

ನಾನು ಎತ್ತಿದ ತುತ್ತು ಕೆಳಗಿಟ್ಟು, "ಅಕ್ಕ, ಅವತ್ತು ನಾನು ಅವರ ಮುಂದ ಸುಳ್ಳು ಹೇಳಿದೆ" ಅಂದೆ.

ಆಕೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ಸುಳ್ಳು ಏನಿಲ್ಲ ಬಿಡವ್ವ. ಪೋಣಿಸಿದ್ದು ನೀನು, ಖರೆ. ದಾರಕ್ಕ ಮೇಣ ಹಚ್ಚಿದ್ದು ನನ್ನ ಕೈ ಅಲ್ಲೇನು? ನಾ ಎಷ್ಟೋ ವರ್ಷ ವಿಚಾರ ಮಾಡಿ ನೋಡೀನಿ. ನೀನು ಮಣಿ ಆರಿಸಿದ್ದಿ, ಗಂಟು ಬಿಗಿ ಹಾಕಿದ್ದಿ. ಮತ್ತ ಹರೀತಂದ್ರ ಅದು ನನ್ನ ಕೈಯಿಂದನ. ಆ ಹುಡುಗನ್ನ ತಿಂದಾಕಿ ನಾನ."

ನೀನು ಮಣಿ ಆರಿಸಿದ್ದಿ. ನನ್ನ ಆ ಒಂದು "ಹೂಂ" ಅನ್ನು ಹದಿನೆಂಟು ವರ್ಷ ನಂಬಿಕೊಂಡು, ಅದರ ಆಧಾರದ ಮೇಲೆ ತನ್ನನ್ನೇ ಕೊಲೆಗಾರ್ತಿ ಎಂದು ತೀರ್ಮಾನಿಸಿಕೊಂಡಿದ್ದಾಳೆ. ಓಣಿಯವರು ಹೊರಿಸಿದ್ದನ್ನು ಆಕೆ ಹೊತ್ತುಕೊಂಡು ಸುಮ್ಮನಿದ್ದಾಳೆ ಎಂದುಕೊಂಡಿದ್ದೆ ನಾನು. ಹಾಗಲ್ಲ. ಆಕೆ ಅದನ್ನು ನಂಬಿದ್ದಾಳೆ.

ಆಗ ನಾನು ಹೇಳಬೇಕಿತ್ತು. ಮಣಿ ಆರಿಸಲಿಲ್ಲ ಅಕ್ಕ, ಗಾಜು ದಾರ ಕೊಯ್ದಿತು, ನಿನ್ನ ಮೇಣದ ತಪ್ಪಿಲ್ಲ — ಇಷ್ಟೇ ಮಾತು. ನಾನು ರೊಟ್ಟಿ ಮುರಿದು ತಿಂದೆ. ಐದೂವರೆಯ ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ. ಮೊದಲ ಸುಳ್ಳು ಹೇಳಿದಾಗ ಇಪ್ಪತ್ತಮೂರರ ಹೆದರುಪುಕ್ಕಲಿ ಎನ್ನಬಹುದು; ಈ ಮೌನಕ್ಕೆ ಏನೆನ್ನಲಿ? ನಲವತ್ತೊಂದು ವಯಸ್ಸಿನ, ನಾಲ್ಕು ಜನರಿಗೆ ಕಲಿಸುವ ಹೆಂಗಸು, ಆಕೆಯ ಕೈಯ ಊಟ ಉಂಡು ಕೈ ತೊಳೆದುಕೊಂಡು ಬಂದೆ.

ಅದಕ್ಕೇ ಇದನ್ನು ಬರೆದೆ. ಬರೆದ ಮೇಲೆ ಹಿಂದೆ ಸರಿಯಲು ಜಾಗ ಇರಬಾರದು. ನಾಡಿದ್ದು ಸೋಮವಾರ ಹಡಗಲಿಯಲ್ಲಿ ತರಬೇತಿಯ ಹುಡುಗಿಯರ ಮುಂದೆ ಗೌರಕ್ಕನ ಹೆಸರು ಹೇಳುತ್ತೇನೆ, ಏನು ಮಾಡಿದೆನೆಂದೂ ಹೇಳುತ್ತೇನೆ. ಸವಿತಾ ಈಗ ಹಗರಿಬೊಮ್ಮನಹಳ್ಳಿಯಲ್ಲಿ ತವರಿನಲ್ಲೇ ಇದ್ದಾಳೆ. ಅವಳ ಮನೆಗೂ ಹೋಗಬೇಕು. ಆದರೆ ಎಲ್ಲಕ್ಕೂ ಮೊದಲು, ನಾಳೆಯೇ, ಇಟ್ಟಿಗಿಗೆ. ಒಬ್ಬಳೇ ಇದ್ದಾಗ ಕಿವಿಯಲ್ಲಿ ಹೇಳುವುದಿಲ್ಲ. ತಮ್ಮ, ತಮ್ಮನ ಹೆಂಡತಿ, ಅಕ್ಕಪಕ್ಕದವರು ಎಲ್ಲ ಇರುವಾಗ ಹೇಳುತ್ತೇನೆ. ಸುಳ್ಳನ್ನು ನಾಲ್ಕು ಜನರ ಮುಂದೆಯೇ ಹೇಳಿದ್ದೆನಲ್ಲ.

ಆಕೆ ಬೈಯಲಿ, ಎದ್ದು ಹೋಗು ಅನ್ನಲಿ, ಹೊಡೆದರೂ ನಿಂತುಕೊಳ್ಳುತ್ತೇನೆ. ನನಗಿರುವ ಹೆದರಿಕೆ ಅದಲ್ಲ. ಎಲ್ಲ ಕೇಳಿಯೂ ಆಕೆ ನನ್ನ ಮಾತನ್ನು ನಂಬದೆ ಹೋದರೆ — ಇವಳು ನನ್ನ ಸಮಾಧಾನಕ್ಕೆ ಹೀಗೆ ಹೇಳುತ್ತಿದ್ದಾಳೆ ಎಂದುಕೊಂಡು, "ಬಿಡವ್ವ" ಎಂದು ನನ್ನ ತಲೆ ಸವರಿದರೆ?