ಹಡಗು ಆರಿಸಲು ಹೆಗ್ಗಡದೇವನಕೋಟೆಗೆ

‘ನಾಲ್ಕು ತಾಲ್ಲೂಕು ತಿರುಗಿ ನೆಂಟರನ್ನೆಲ್ಲ ವಿಚಾರಿಸಿದೆವು, ಎಲ್ಲರೂ ಬೇಡ ಅಂದರು, ಅದಕ್ಕೇ ಹಡಗಿನ ಪ್ರವಾಸ ಬಿಟ್ಟೆವು’ ಎಂದು ನಮ್ಮ ದೊಡ್ಡಪ್ಪ ಊರಲ್ಲಿ ಹೇಳಿಕೊಂಡು ಬರುತ್ತಿದ್ದಾರೆ. ಕೇಳಿದವರು ತಲೆದೂಗುತ್ತಾರೆ. ಆ ಎರಡು ದಿನವೂ ಅವರ ಪಕ್ಕದ ಸೀಟಿನಲ್ಲೇ ಕೂತಿದ್ದವಳು ನಾನು. ಈ ಮಾತಿನಲ್ಲಿ ನಾಲ್ಕು ತಾಲ್ಲೂಕು ಎಂಬುದಷ್ಟೇ ನಿಜ.

ದಸರಾ ರಜೆಗೆ ಹಡಗಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು ಅಣ್ಣನ ಮಗಳು ಸಿಂಧುವಿಗೆ ಮಾತು ಕೊಟ್ಟವರು ದೊಡ್ಡಪ್ಪನೇ. ಮೂರನೇ ಕ್ಲಾಸಿನ ಹುಡುಗಿ, ಮರುದಿನವೇ ಇಡೀ ಶಾಲೆಗೆ ಹೇಳಿಬಿಟ್ಟಳು. ಮೈಸೂರಿನಲ್ಲಿ ಲಾ ಓದುತ್ತಿದ್ದ ನಾನು ಅಲ್ಲಿನ ಒಂದು ಟ್ರಾವೆಲ್ಸ್ ಆಫೀಸಿನಿಂದ ಮೂರು ಹಡಗು ಕಂಪನಿಗಳ ಬಣ್ಣದ ಪುಸ್ತಕ ತಂದೆ. ಸಿಂಗಾಪುರದ ಹಡಗಿನಲ್ಲಿ ಮಕ್ಕಳಿಗೆ ಜಾರುಬಂಡೆಯ ಈಜುಕೊಳವಿತ್ತು, ಆದರೆ ನಮ್ಮಲ್ಲಿ ಯಾರಿಗೂ ಪಾಸ್‌ಪೋರ್ಟ್ ಇರಲಿಲ್ಲ. ಮುಂಬೈನದರಲ್ಲಿ ರಾತ್ರಿಯಿಡೀ ಕುಣಿತ, ಇಸ್ಪೀಟು. ಮಕ್ಕಳು ಎಲ್ಲಿರಬೇಕು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ಕೊಚ್ಚಿಯಿಂದ ದ್ವೀಪಗಳಿಗೆ ಹೋಗುವುದರಲ್ಲಿ ನಾಲ್ಕು ಮಂಚದ ಕೋಣೆ, ಒಬ್ಬ ಡಾಕ್ಟರು, ಮಕ್ಕಳಿಗೆ ಅರ್ಧ ಟಿಕೆಟ್ಟು. ಚರ್ಚಾ ಸ್ಪರ್ಧೆಯಲ್ಲಿ ಇದಕ್ಕಿಂತ ಸುಲಭದ ವಿಷಯ ನನಗೆ ಸಿಕ್ಕಿದ್ದೇ ಇಲ್ಲ. ಅಣ್ಣ ಅತ್ತಿಗೆ ಇಬ್ಬರೂ ಕೊಚ್ಚಿ ಎಂದರು. ಶನಿವಾರ ಸಂಜೆಯೊಳಗೆ ಫೋನು ಮಾಡಿ ಹೇಳಿದರೆ ಕೋಣೆ ನಮ್ಮದು.

‘ಅಂಗೆಲ್ಲ ಕಾಗದ ನೋಡ್ಕಂಡು ಮಕ್ಕಳ್ನ ನೀರಿಗೆ ಕಳ್ಸಕ್ಕಾಯ್ತದಾ? ಇಚಾರಿಸ್ಬೇಕು ಕಣವ್ವ’ ಎಂದರು ದೊಡ್ಡಪ್ಪ.

ನಮ್ಮಲ್ಲಿ ಹೆಣ್ಣು ಕೊಡುವಾಗಲೂ ಟ್ರ್ಯಾಕ್ಟರ್ ಕೊಳ್ಳುವಾಗಲೂ ಎರಡು ಮನೆ ವಿಚಾರಿಸುವುದು ಪದ್ಧತಿ: ಒಡಹುಟ್ಟಿದವರ ಮನೆ ಒಂದು, ಬೀಗರ ಮನೆ ಒಂದು. ಎರಡೂ ಕಡೆ ಹೂಂ ಅಂದರೆ ಕೆಲಸ ಮುಂದಕ್ಕೆ. ಫೋನಿನಲ್ಲಿ ಕೇಳಿದರೆ ಕೇಳಿದಂತಲ್ಲ. ಹೋಗಿ, ಕೂತು, ಉಂಡು ಕೇಳಬೇಕು. ಇವರಲ್ಲಿ ಯಾರೂ ಸಮುದ್ರ ನೋಡಿದವರಲ್ಲವಲ್ಲ ಎಂದೆ. ‘ಮನುಷ್ಯರ್ನ ನೋಡವ್ರಲ್ವಾ?’ ಎಂದರು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಗೆ ಬೆಂಕಿ ಹಾಕಿದ್ದರಿಂದ ಅದನ್ನು ಬಿಟ್ಟು ಅಣ್ಣ ಅಲ್ಲಾಡುವಂತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ದೊಡ್ಡಪ್ಪ, ನಾನು, ಸಿಂಧು ಪಿರಿಯಾಪಟ್ಟಣದಲ್ಲಿ ಬಸ್ಸು ಹತ್ತಿದೆವು. ಪುಸ್ತಕಗಳ ಚೀಲ ಸಿಂಧುವಿನ ತೊಡೆಯ ಮೇಲಿತ್ತು.

ಹುಣಸೂರಿನಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಗೌರತ್ತೆ ದೊಡ್ಡಪ್ಪನ ತಂಗಿ. ಮೂರೂ ಪುಸ್ತಕ ತಿರುವಿ ಹಾಕಿ ಅವಳು ಕೇಳಿದ್ದು ಒಂದೇ: ‘ಕಕ್ಕಸು ಒಳಗೇ ಅದಾ?’ ಇದೆ ಎಂದೆ. ‘ಇನ್ನೇನು? ಬಸ್ಸಿಗಿಂತ ವಾಸಿ ಆಯ್ತಲ್ಲ. ಓಗ್ಬನ್ನಿ.’ ದೊಡ್ಡಪ್ಪ ಅರ್ಧ ದೋಸೆ ತಟ್ಟೆಯಲ್ಲೇ ಬಿಟ್ಟು ಎದ್ದರು.

‘ಅವಳಿಗೇನು ಗೊತ್ತು’ ಎಂದು ಬಸ್ ಸ್ಟ್ಯಾಂಡಿನಲ್ಲಿ ಗೊಣಗಿದರು.

‘ಗೊತ್ತಿಲ್ಲದಿದ್ದರೆ ಕೇಳಿದ್ಯಾಕೆ?’

‘ನಿಂದು ಬರೀ ಲಾಯರ್ ಮಾತಾಯ್ತು.’

ಕೆ.ಆರ್. ನಗರದ ದಾರಿಯ ಗುಂಡಿಗಳಲ್ಲಿ ಬಸ್ಸು ಎದ್ದು ಬಿದ್ದು ಹೋಯಿತು. ಸಮುದ್ರದಲ್ಲಿ ವಾಂತಿ ಬಂದರೇನು ಗತಿ ಎಂದು ಎರಡು ದಿನದಿಂದ ಕೊರಗುತ್ತಿದ್ದ ದೊಡ್ಡಪ್ಪನ ಪಕ್ಕದಲ್ಲಿ ಸಿಂಧು ಖುಷಿಯಾಗಿ ಕಡಲೆಕಾಯಿ ತಿನ್ನುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ದೊಡ್ಡಪ್ಪನ ಮಗಳನ್ನು ಕೊಟ್ಟ ಮನೆ ತಲುಪಿದೆವು. ಮನೆ ಹಿಂದೆಯೇ ನಾಲೆ, ಕಣ್ಣು ಹಾಯುವಷ್ಟು ದೂರ ಗದ್ದೆ. ಬೀಗರು ಕೊಚ್ಚಿ ಹಡಗಿನ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು.

‘ಇದ್ಕೆ ಇಚಾರ್ಸೋದೇನ್ರೀ ಬೀಗ್ರೇ? ಇನ್ನೊಂದು ಮಂಚ ಸಿಕ್ಕುದ್ರೆ ನಾನೂ ಬತ್ತೀನಿ.’

‘ನಿಮ್ಗೇನು ಬುಡಿ, ನಾಲೆ ನೀರಲ್ಲಿ ಈಜ್ಕಂಡು ಬೆಳೆದೋರು. ನಮ್ದು ಒಣಭೂಮಿ’ ಎಂದರು ದೊಡ್ಡಪ್ಪ.

‘ಹಡಗ್ನಲ್ಲಿ ನಾವೇನ್ ಈಜ್ಬೇಕಾ ತಾತ? ಅದು ತಾನೇ ಹೋಗ್ತದೆ’ ಎಂದಳು ಸಿಂಧು. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ರಾತ್ರಿ ಕೋಳಿಸಾರು ಮಾಡಿಸಿದ್ದರು. ಬೀಗರ ಮನೆಯ ಎಲೆಯಲ್ಲಿ ದೊಡ್ಡಪ್ಪ ಊಟ ಬಿಟ್ಟದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಎರಡು ಮನೆ ಮುಗಿಯಿತು, ಎರಡು ಹೂಂ ಸಿಕ್ಕಿತು. ಶನಿವಾರ ಬೆಳಿಗ್ಗೆ ಎಸ್‌ಟಿಡಿ ಬೂತಿಗೆ ಹೊರಟ ನನ್ನನ್ನು ದೊಡ್ಡಪ್ಪ ತಡೆದರು. ‘ಕೋಟೇಲಿ ಚಿಕ್ಕಣ್ಣನ್ನ ಒಂದ್ ಮಾತು ಕೇಳ್ಬುಡಾವ.’ ಚಿಕ್ಕಣ್ಣ ಮಾವ ಅವರ ಬಾಮೈದ, ದೊಡ್ಡಮ್ಮನ ತಮ್ಮ. ಬಾಮೈದನನ್ನು ಕೇಳುವುದು ಯಾವ ಪದ್ಧತಿ ಎಂದೆ. ಅವರು ಆಗಲೇ ಚಪ್ಪಲಿ ಮೆಟ್ಟಿದ್ದರು. ಬಂದ ದಾರಿಯಲ್ಲೇ ಮತ್ತೆ ಹುಣಸೂರು, ಅಲ್ಲಿಂದ ಹೆಗ್ಗಡದೇವನಕೋಟೆ ಬಸ್ಸು. ಎಲ್ಲಿಗೆ ಹೊರಟಿರಿ ಎಂದು ಕಂಡಕ್ಟರ್ ಕೇಳಿದ್ದಕ್ಕೆ ಸಿಂಧು, ‘ಹಡಗು ಆರ್ಸಕ್ಕೆ’ ಎಂದಳು.

‘ಕೋಟೇಲಾ? ಸಿಕ್ಕುದ್ರೆ ನಂಗೂ ಒಂದ್ ಸೀಟು ಇಡವ್ವ’ ಎಂದು ಆತ ಸೀಟಿ ಊದಿದ. ಇಡೀ ಪ್ರಯಾಣದಲ್ಲಿ ನ್ಯಾಯವಾಗಿ ಮಾತಾಡಿದವನು ಅವನೊಬ್ಬನೇ.

ಚಿಕ್ಕಣ್ಣ ಮಾವ ಮೊದಲು ಒಳ್ಳೆಯದೇ ಅಂದರು. ಜಾರುಬಂಡೆಯ ಚಿತ್ರ ಕಂಡು, ಇದಕ್ಕೇ ಹೋಗಬಾರದೇ ಎಂದೂ ಕೇಳಿದರು. ದೊಡ್ಡಪ್ಪ ಬಿಡಲಿಲ್ಲ. ‘ಸಿಂಧು ಸರಿ ಕಣಪ್ಪ, ಅವಳ ತಮ್ಮ ಚಂದೂನೂ ಬತ್ತಾನೆ. ಎರಡು ವರ್ಷದ ಕೂಸು. ಯೋಚ್ನೆ ಮಾಡಿ ಯೋಳು.’ ಮಾವ ಯೋಚನೆ ಮಾಡಿದರು.

‘ಆ ಮಗೀಗೆ ಮನೆದೇವ್ರಿಗೆ ಮುಡಿ ಕೊಟ್ಟಾಯ್ತಾ ಭಾವ?’

‘ಇನ್ನೂ ಇಲ್ಲ.’

‘ದೇವ್ರ ಕೂದ್ಲು ತಲೆ ಮ್ಯಾಲಿಟ್ಕಂಡು ದೊಡ್ಡ ನೀರು ದಾಟ್ಸ್‌ತಾರಾ ಯಾರಾದ್ರೂ?’

ಯಾರು ಹೇಳಿದ್ದು ಎಂದೆ. ಹಿಂದಿನಿಂದ ಬಂದದ್ದು ಎಂದರು ಮಾವ. ಹಿಂದಿನವರು ಯಾವ ಸಮುದ್ರ ದಾಟಿದ್ದರು ಎಂದೆ. ನಾಳೆಯೇ ಮುಡಿ ಕೊಡೋಣ, ಹಡಗು ಹೊರಡಲು ಇನ್ನೂ ದಿನವಿದೆ ಎಂದೆ. ಮನೆದೇವರ ಮುಡಿ ಮೂರು ವರ್ಷಕ್ಕೊಮ್ಮೆ ದೊಡ್ಡ ಪೂಜೆ ಆದಾಗ ಮಾತ್ರ ಎಂದರು ದೊಡ್ಡಪ್ಪ. ಮುಂದಿನದು ಯಾವಾಗ? ಬರುವ ವರ್ಷದಾಚೆ. ನನ್ನ ಒಂದೊಂದು ವಾದ ಬಿದ್ದಾಗಲೂ ದೊಡ್ಡಪ್ಪನ ಮುಖ ಇನ್ನಷ್ಟು ಹಗುರಾಗುತ್ತಿತ್ತು. ಕೊನೆಗೆ, ‘ಇನ್ನೊಂದು ಮುದ್ದೆ ಇಕ್ಕವ್ವ’ ಎಂದು ಒಳಗೆ ಕೂಗಿದರು. ಉಪ್ಸಾರಿನಲ್ಲಿ ಅದ್ದಿ ಅದ್ದಿ ಎರಡೂ ಮುದ್ದೆ ಮುಗಿಸಿದರು.

ಸಿಂಧು ಊಟ ಬಿಟ್ಟು ಅವರ ಮುಂದೆ ಬಂದು ನಿಂತಳು. ‘ನಂದು ಮುಡಿ ಕೊಟ್ಟಾಯ್ತಲ್ಲ ತಾತ? ನಾನ್ ಹೋಗ್ಬೋದಲ್ಲ?’

‘ತಮ್ಮನ್ನ ಬಿಟ್ಟು ಓಯ್ತಾರಾ ಯಾರಾದ್ರೂ?’ ಎಂದು ಅವಳ ತಲೆ ಸವರಿದರು. ಅವಳು ತಲೆ ಹಿಂದಕ್ಕೆ ಎಳೆದುಕೊಂಡಳು. ‘ನಮ್ಮ ಮಿಸ್ಸಿಗೂ ಹೇಳ್ಬಿಟ್ಟಿದೀನಿ’ ಎಂದಳು.

ಸಂಜೆ ವಾಪಸು ಬಸ್ಸು ಹುಣಸೂರಿನಲ್ಲಿ ಹತ್ತು ನಿಮಿಷ ನಿಂತಿತು. ಎದುರಿಗೆ ಎಸ್‌ಟಿಡಿ ಬೂತು ಇನ್ನೂ ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಸಿಂಧು ಕಿಟಕಿಗೆ ಹಣೆಯಿಟ್ಟು ಕೂತಿದ್ದಳು. ಚೀಲವನ್ನು ಮಾವನ ಮನೆಯಲ್ಲೇ ಬಿಟ್ಟು ಬಂದಿದ್ದಳು, ಮರೆತಲ್ಲ, ಬೇಕೆಂದೇ. ದೊಡ್ಡಪ್ಪ ಎಲೆಯಡಿಕೆಗೆ ಸುಣ್ಣ ಹಚ್ಚುತ್ತ, ‘ನಾವೇನ್ ಮಾಡಕ್ಕಾಯ್ತದವ್ವ, ನೆಂಟ್ರು ಬ್ಯಾಡ ಅಂದ್ರು’ ಎಂದರು. ಮುಂದೆ ಊರಲ್ಲೆಲ್ಲ ಹೇಳಲಿದ್ದ ಮಾತನ್ನು ಅವರು ಮೊದಲು ಆಡಿ ನೋಡಿದ್ದು ನನ್ನ ಮುಂದೆಯೇ. ಬಸ್ಸು ಹೊರಟಿತು. ಬೂತು ಹಿಂದಕ್ಕೆ ಸರಿದ ಮೇಲೆ ನಾನು ಕೇಳಿದೆ:

‘ದೊಡ್ಡಪ್ಪ, ಗೌರತ್ತೆನೋ ಬೀಗರೋ ಬೇಡ ಅಂದಿದ್ದರೆ ನೀವು ಕೋಟೆಗೆ ಬರ್ತಿದ್ರಾ?’