ತಿಂದ ಎಲೆ ವಾಪಸ್ ಹಾಕಿ

ನಾನು ಚಿಕ್ಕವಳಿದ್ದಾಗ ಬಂದ ಒಂದು ಕೋಪ, ಮಕ್ಕಳೇ, ಇವತ್ತಿಗೂ ಒಂದು ಕಾಳಿನಷ್ಟೂ ಕಡಿಮೆಯಾಗಿಲ್ಲ.

ಅಮೃತೂರಿನ ಆಚೆ ನಮ್ಮ ಹಳ್ಳಿ. ರಾಗಿ ಕಣದ ಕೆಲಸಕ್ಕೆಂದು ಅಪ್ಪ ನನ್ನನ್ನು ಏಳನೇ ಕ್ಲಾಸಿನಿಂದ ಬಿಡಿಸಿದ್ದ. ಸುಗ್ಗಿ ಮುಗಿಯುವ ಹೊತ್ತಿಗೆ ಶಾಲೆಯವರು ನನ್ನ ಹೆಸರನ್ನೇ ಹೊಡೆದುಹಾಕಿದ್ದರು. ಅಮ್ಮ ಹಟ ಹಿಡಿದು ಹೆಡ್‌ಮಾಸ್ಟರನ್ನು ನಮ್ಮ ಜಗಲಿಗೆ ಕರೆಸಿದಳು. ಅವರು ನನ್ನನ್ನು ಮತ್ತೆ ಏಳನೇ ಕ್ಲಾಸಿನಲ್ಲೇ ಕೂರಿಸಿ ಪರೀಕ್ಷೆಗೆ ಕಳಿಸಬೇಕು, ಅಪ್ಪ ಇನ್ನು ನನ್ನನ್ನು ಕೆಲಸಕ್ಕೆ ಕರೆಯಬಾರದು ಎಂದು ಮಾತಾಯಿತು. ಅಮ್ಮ ಹಿತ್ತಾಳೆ ತಟ್ಟೆಯಲ್ಲಿ ಎಲೆ ಅಡಿಕೆ ತಂದಿಟ್ಟಳು. ಇಬ್ಬರೂ ಹಾಕಿಕೊಂಡರು. ನಮ್ಮ ಕಡೆ ಎಲೆ ಅಡಿಕೆ ಹಾಕಿಕೊಂಡರೆ ಮಾತು ಗಟ್ಟಿಯಾದಂತೆ.

ಎಂಥಾ ಗಟ್ಟಿ! ಬಾಯಿ ಕೆಂಪಗಿರುವಷ್ಟು ಹೊತ್ತು ಅಷ್ಟೇ. ಶಾಲೆಯಲ್ಲಿ ನನ್ನನ್ನು ವರಾಂಡದಲ್ಲಿ ಒಂದನೇ ಕ್ಲಾಸಿನ ಚಿಳ್ಳೆಪಿಳ್ಳೆಗಳನ್ನು ಕಾಯಲು ಕೂರಿಸಿದರು. ಒಳಗೆ ಲೆಕ್ಕದ ಪಾಠ, ಹೊರಗೆ ನಾನು ಮೂಗು ಒರೆಸುವುದು. ಸಾಲದ್ದಕ್ಕೆ ಅಪ್ಪ ಮಧ್ಯಾಹ್ನವೇ ಬಂದು, "ತೆಂಗಿನಕಾಯಿ ಸುಲಿಯೋರು ಬಂದವ್ರೆ, ಮಟ್ಟೆ ಜೋಡಿಸ್‌ಬೇಕು ಬಾ ಕಣೇ" ಎಂದು ಕರೆದೊಯ್ಯುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ.

ಅಮ್ಮ ಮುದ್ದೆಯ ಎಸರನ್ನು ಒಲೆಯ ಮೇಲೇ ಬಿಟ್ಟು ಎದ್ದಳು. ಅದೇ ಹಿತ್ತಾಳೆ ತಟ್ಟೆಯನ್ನು ಖಾಲಿಯಾಗಿ ಹಿಡಿದು, ಅಪ್ಪನನ್ನೂ ಎಬ್ಬಿಸಿಕೊಂಡು ಶಾಲೆಗೆ ನಡೆದಳು. ಕ್ಲಾಸಿನ ಬಾಗಿಲಲ್ಲೇ ನಿಂತು ಹೆಡ್‌ಮಾಸ್ಟರ ಮುಂದೆ ತಟ್ಟೆ ಚಾಚಿದಳು.

"ಅವತ್ತು ಎಲೆ ತಿಂದ್ರಲ್ಲ ಸಾಮಿ, ವಾಪಸ್ ಹಾಕಿ ಇದಕ್ಕೆ."

"ಏನಮ್ಮ ಇದು? ತಿಂದಿದ್ದನ್ನ ಎಲ್ಲಿಂದ ತರ್ಲಿ?" ಎಂದರು ಅವರು.

"ತರಕ್ಕಾಗಲ್ವಾ? ಹಂಗಾದ್ರೆ ಮಾತು ಇನ್ನೂ ನಿಮ್ ಹೊಟ್ಟೇಲೇ ಐತೆ. ನಡೆಸ್ಕೊಡಿ!"

ಅಪ್ಪ ಮೀಸೆಯಡಿ ನಕ್ಕ. ಅಮ್ಮ ತಟ್ಟೆಯನ್ನು ಅವನ ಕಡೆ ತಿರುಗಿಸಿದಳು. "ನಗಬ್ಯಾಡ. ನೀನೂ ತಿಂದಿದ್ದೀಯ."

ಹೆಡ್‌ಮಾಸ್ಟರು ನನಗೆ ಬೆಂಚು ತೋರಿಸಿದರು. ಅಪ್ಪ ತಲೆ ತಗ್ಗಿಸಿಕೊಂಡು ತೋಟಕ್ಕೆ ಹೋದ. ಆ ವರ್ಷ ನಾನು ಪರೀಕ್ಷೆ ಬರೆದು ಪಾಸಾದೆ.

ನಿಮಗೋ, ಕುಣಿಗಲ್‌ನಲ್ಲಿ ಮನೆ ಬಾಗಿಲಿಗೇ ಸ್ಕೂಲ್ ಬಸ್ಸು. ಒಂದು ದಿನ ತಪ್ಪಿಸಿಕೊಂಡರೆ ಅಪ್ಪನ ಮೊಬೈಲಿಗೆ ಮೆಸೇಜು. ಕಾಲ ಎಷ್ಟು ಬದಲಾಗಿದೆ ಎಂದುಕೊಂಡಿದ್ದೆ. ಆದರೆ ಮೊನ್ನೆ ನಿಮ್ಮಪ್ಪ, ಮಗಳನ್ನು ಚೆನ್ನಾಗಿ ಓದಿಸ್ತೀನಿ ಅಂತ ನನಗೆ ಮಾತು ಕೊಟ್ಟವನು, "ಗೃಹಪ್ರವೇಶದ ಕೆಲಸ ಐತೆ, ಹುಡುಗ ಸ್ಕೂಲಿಗೆ ಹೋಗ್ಲಿ, ಹುಡುಗಿ ಮನೇಲಿರ್ಲಿ ಬುಡು" ಅಂದನಲ್ಲ! ಈ ಕಥೆ ಕೇಳಿಕೊಂಡೇ ಬೆಳೆದ ನನ್ನ ಮಗ ಅವನು. ಅಟ್ಟದಿಂದ ಅಮ್ಮನ ಅದೇ ಹಿತ್ತಾಳೆ ತಟ್ಟೆ ಇಳಿಸಿ, ಒರೆಸಿ, ಖಾಲಿಯಾಗಿಯೇ ಅವನ ಮುಂದಿಟ್ಟೆ.

ಮಾರನೇ ದಿನ ನಿನ್ನ ಯೂನಿಫಾರ್ಮಿಗೆ ಅವನೇ ಇಸ್ತ್ರಿ ಹಾಕಿದ್ದು ಅದಕ್ಕೇ ಕಣೇ.